ನನ್ನದೇ ಚಪ್ಪಲಿಯ ಸದ್ದು

ಜೂನ್ ೧೪, ಭಾನುವಾರ

ಅಕ್ಕನಿಗೆ,

ನಿನ್ನ ಎರಡೂ ಕಾಗದಗಳು ಬಂದವು. ಉತ್ತರ ತಡವಾಯಿತು, ಬೇಕೆಂದೇ ತಡ ಮಾಡಿದೆ. ಕ್ಷೇಮ ಕೇಳುವ ಮನಸ್ಸಿಲ್ಲದೆ ಕೇಳುವುದು ನನಗೆ ಬರುವುದಿಲ್ಲ. "ಊಟಕ್ಕೆ ಕರೆದರೆ ತಟ್ಟೆ ಹಾಕುವಷ್ಟರಲ್ಲಿ ಎದ್ದು ಹೋದೆ, ಅಷ್ಟು ಜಂಬ ಯಾವಾಗ ಬಂತು" ಎಂದು ಬರೆದಿದ್ದೀಯ. ಹೇಳುತ್ತೇನೆ.

ನಾನು ಕಿವಿಗೆ ಮೆಷಿನ್ ಹಾಕಿಸಿಕೊಂಡೆ. "ಈ ವಯಸ್ಸಲ್ಲಿ ಕೇಳಿ ಆಗಬೇಕಾದ್ದೇನಿದೆ?" ಎಂದು ನೀನು ಪ್ರತಿಸಲ ಬಾಯಿ ಮುಚ್ಚಿಸುತ್ತಿದ್ದೆಯಲ್ಲ, ಅದಕ್ಕೆ ನಿನಗೆ ಹೇಳದೆ ಹಾಕಿಸಿಕೊಂಡೆ.

ಕೇಳಿ ಆದದ್ದೇನು ಗೊತ್ತೇ? ಆಸ್ಪತ್ರೆಯಿಂದ ಮನೆಗೆ ನಡೆದು ಬರುವಾಗ ಯಾರೋ ಬೆನ್ನಿಗೇ ಬರುತ್ತಿದ್ದಾರೆಂದು ತಿರುಗಿ ತಿರುಗಿ ನೋಡಿದೆ. ನನ್ನದೇ ಚಪ್ಪಲಿ. ಹೆದರಿದವಳು ಬೀದಿಯ ಮಧ್ಯೆ ಒಬ್ಬಳೇ ನಕ್ಕೆ. ಆಮೇಲೆ ಸದ್ದು ಕೇಳಲೆಂದೇ ಇನ್ನೊಂದು ಸುತ್ತು ಹಾಕಿದೆ. ನೀರು ಕುದಿಯುವ ಮುಂಚೆ ಗೊಣಗುತ್ತದೆ, ಅಕ್ಕ. ಹೊಸ ಬಟ್ಟೆಯೊಳಗೆ ಕತ್ತರಿ ಓಡುವಾಗ ಕರಕರ ಎನ್ನುತ್ತದೆ. ಹೊಲಿಗೆ ಅಂಗಡಿಯಲ್ಲಿ ಇಷ್ಟು ವರ್ಷ ಗುಂಡಿ ಹಾಕುತ್ತಾ ಕೂತವಳಿಗೆ ನಮ್ಮ ಮಾಸ್ಟರು ಕೆಲಸ ಮಾಡುತ್ತಾ ಹಾಡುತ್ತಾರೆಂದೇ ಗೊತ್ತಿರಲಿಲ್ಲ. ಶ್ರುತಿ ಇಲ್ಲ, ತಾಳ ಇಲ್ಲ. ನಗು ತಡೆಯಲಾಗಲಿಲ್ಲ.

"ಯಾಕಮ್ಮ ನಗ್ತೀಯ?"

"ನೀವು ಹಾಡ್ತೀರಾ ಅಂತ ಗೊತ್ತಿರಲಿಲ್ಲ ಮಾಸ್ಟ್ರೇ."

"ಗೊತ್ತಿಲ್ದೆ ಇದ್ದದ್ದಕ್ಕೇ ಕೆಲಸ ಬಿಡದೆ ಉಳಿದ್ಕೊಂಡಿದೀಯ," ಎಂದು ಇನ್ನೂ ಜೋರಾಗಿ ಹಾಡಿದರು.

ಇದನ್ನೆಲ್ಲ ಮೊದಲು ನಿನಗೇ ಹೇಳಬೇಕೆನಿಸಿತು ನೋಡು, ನನ್ನ ಬುದ್ಧಿಗೆ ಬೆಂಕಿ ಬೀಳ. ಮೆಷಿನ್ ಕಾಣದ ಹಾಗೆ ಕಿವಿಯ ಮೇಲೆ ಕೂದಲು ಇಳಿಬಿಟ್ಟುಕೊಂಡು ಬಂದೆ. ಊಟಕ್ಕೆ ಕೂತಾಗ ನೀನು ಎಂದಿನ ಹಾಗೆ ಕಿರುಚಬೇಕು, ನಾನು "ಮೆಲ್ಲಗೆ ಮಾತಾಡೇ" ಎನ್ನಬೇಕು, ನೀನು ಬೆಪ್ಪಾಗಬೇಕು. ಅಷ್ಟೇ ನನ್ನ ಆಸೆ.

ನಾನು ಹಜಾರದಲ್ಲಿದ್ದೆ. ನೀನು ಅಡುಗೆಮನೆಯಲ್ಲಿ ಭಾವನಿಗೆ, "ಕೆಪ್ಪಿ ಬಂದು ಕೂತಿದಾಳೆ, ಇನ್ನು ಗಂಟಲು ಹರ್ಕೋಬೇಕು," ಎಂದೆ. ಆ ಮಾತಿಗೆ ಎದ್ದು ಹೋದೆ ಎಂದುಕೊಳ್ಳಬೇಡ. ಅದು ನನಗೆ ಹಳೆಯದು. ನಿನ್ನ ತುಟಿಯ ಮೇಲೆ ಎಷ್ಟೋ ಸಲ ಓದಿದ್ದೇನೆ.

ಇನ್ನು ನನ್ನನ್ನು ಕರೆಯಬೇಡ. ಭಾವನಿಗೆ ನಮಸ್ಕಾರ. ಮಕ್ಕಳು ನೂರು ಕಾಲ ಚೆನ್ನಾಗಿರಲಿ. ನಿನಗೆ ಹೇಳುವಂಥದ್ದು ಏನೂ ಉಳಿದಿಲ್ಲ.

ಇಂತಿ,
ನಿನ್ನ ತಂಗಿ

ತಾ.ಕ.: ಇಲ್ಲ, ಉಳಿದಿದೆ. ಅಮ್ಮ ಹೋದ ದಿನ ನಾನು ಅವಳ ಕಾಲ ಬಳಿ ಕೂತಿದ್ದೆ. ತುಟಿ ಅಲುಗಿದ್ದು ಕಂಡಿತು. ಅವಳ ತುಟಿ ಓದಲು ಆಗಲಿಲ್ಲ, ಏನಂತಿದ್ದಾಳೆ ಎಂದು ನಿನ್ನನ್ನೇ ಕೇಳಿದೆ. "ಏನಿಲ್ಲ, ಸುಮ್ನೆ ಬಡಬಡಿಸ್ತಿದಾಳೆ," ಎಂದು ನೀನು ನನ್ನ ಕಿವಿಯಲ್ಲಿ ಕೂಗಿದೆ. ನಾನು ಊಟಕ್ಕೆ ಬಂದ ದಿನ ಅಡುಗೆಮನೆಯಲ್ಲಿ ಭಾವ, "ಆ ವಿಷ್ಯ ಈಗಲಾದ್ರೂ ಅವಳಿಗೆ ಹೇಳಬಾರ್ದಾ?" ಎಂದಾಗ ನೀನು ಹೇಳಿದ್ದೂ ಕೇಳಿಸಿತು: "ಅಮ್ಮನ್ನ ಹೊತ್ತು ಹೊತ್ತಿಗೆ ನೋಡ್ಕೊಂಡಿದ್ದು ನಾನು. ಕೊನೇವರೆಗೂ ಕರೆದಿದ್ದು ಅವಳನ್ನ. ನಾನ್ಯಾಕೆ ಹೇಳ್ಲಿ?"

ನಾನು ಕೈಗೆಟುಕುವಷ್ಟು ಹತ್ತಿರದಲ್ಲಿದ್ದೆ, ಅಕ್ಕ. ಅಮ್ಮ ಕರೆಯುತ್ತಲೇ ಹೋದಳು. ನಾನು ಓ ಎನ್ನಲಿಲ್ಲ.