ಇಳಿದ ಮುಳ್ಳು

ಮಾರ್ಚ್ 3
ಎರಡನೇ ಮಹಡಿಯ ಅಡುಗೆಮನೆಗಳ ಟೈಲ್ಸ್ ಮುಗಿಯಿತು. ಬಾತ್‌ರೂಮ್‌ಗಳು ಬಾಕಿ. ಪೈಪಿನ ಕೆಲಸ ಮುಗಿಯದೆ ಕೈ ಹಚ್ಚುವಂತಿಲ್ಲ. ಪೈಪಿನವನು ಬೇರೆ ಯಾರೂ ಅಲ್ಲ, ನನ್ನ ಷಡ್ಡಕ. ಹೆಂಡತಿಯ ತಂಗಿಯ ಗಂಡ. ಈ ಸೈಟಿಗೆ ಕರೆತಂದವನೇ ನಾನು. ಈಗ ಮೇನ್ ಕಾಂಟ್ರಾಕ್ಟರ್ ಟೀ ಕುಡಿಯಲು ಕರೆಯುವುದು ಅವನನ್ನು. ನನ್ನನ್ನು ಕಂಡರೆ "ಟೈಲ್ಸ್ ಎಲ್ಲಿಗೆ ಬಂತು?" ಅಷ್ಟೇ.

ಮಾರ್ಚ್ 5
ಮುಂದಿನ ಕಟ್ಟಡದ ಒಳಗಿನ ಕೆಲಸವೆಲ್ಲ ಒಬ್ಬರಿಗೇ ಕೊಡುತ್ತಾರಂತೆ. ಅವನಿಗೇ ಎಂದು ಸುದ್ದಿ. ಅಂದರೆ ನಾನು ಅವನ ಕೈಕೆಳಗೆ... ಮನೆಯಲ್ಲಿ ಹೇಳಿದೆ. ಹೆಂಡತಿ, "ಒಳ್ಳೇದೇ ಆಯ್ತಲ್ಲ, ನಮ್ಮವನೇ" ಎಂದಳು. ಅತ್ತೆಗಂತೂ ಚಿಕ್ಕಳಿಯನೆಂದರೆ ಬಾಯಿ ತುಂಬ ಮಾತು. ಅರ್ಧ ಊಟಕ್ಕೇ ಕೈ ತೊಳೆದೆ. ಹೊಟ್ಟೆ ಉರಿಯುತ್ತದೆ, ಸುಳ್ಳೇಕೆ.

ಮಾರ್ಚ್ 8, ಮಧ್ಯಾಹ್ನ, ಸೈಟಿನಲ್ಲೇ
ನಿನ್ನೆ ಸಂಜೆ ಅವನು ಬಾತ್‌ರೂಮ್ ಪೈಪುಗಳಿಗೆ ನೀರು ತುಂಬಿ, ಒತ್ತಡ ಕೊಟ್ಟು, ಅದನ್ನು ಅಳೆಯುವ ಗೇಜು ಕೂರಿಸಿ ಹೋಗಿದ್ದ. ಬೆಳಗಾಗುವ ತನಕ ಮುಳ್ಳು ಇದ್ದಲ್ಲೇ ಇದ್ದರೆ ಪೈಪು ಗಟ್ಟಿ. ಇಳಿದರೆ ಎಲ್ಲೋ ಸೋರುತ್ತಿದೆ.

ಬೆಳಿಗ್ಗೆ ಫೋನ್. "ಭಾವ, ಅತ್ತೇನ ಕಣ್ಣಿನ ಡಾಕ್ಟ್ರ ಹತ್ರ ಕರ್ಕೊಂಡು ಹೋಗ್ತಿದೀನಿ. ಗೇಜು ನೀವೇ ನೋಡಿಬಿಡಿ. ಇಳಿದಿದ್ರೆ ಫೋನ್ ಮಾಡಿ. ಇಲ್ಲಾಂದ್ರೆ ಟೈಲ್ಸ್ ಶುರು ಮಾಡಿ."

ಅತ್ತೆಯನ್ನೂ ಅವನೇ ಕರೆದೊಯ್ಯಬೇಕು. ದೊಡ್ಡಳಿಯ ಒಬ್ಬ ಇದ್ದಾನೆಂದು ಯಾರಿಗೂ ನೆನಪಾಗಲಿಲ್ಲ.

ಮುಳ್ಳು ಇಳಿದಿತ್ತು. ಫೋನ್ ಮಾಡಲಿಲ್ಲ. ಗೇಜು ಬಿಚ್ಚಿಟ್ಟು ಟೈಲ್ಸ್ ಶುರು ಮಾಡಿಸಿದೆ. ಸೋರಲಿ. ಆಗುವ ತಡವೆಲ್ಲ ಅವನ ತಲೆಗೆ ಬರಲಿ.

ಮಾರ್ಚ್ 27
ಕೆಳಗಿನ ಮನೆಯ ಸೀಲಿಂಗ್ ಪೂರ್ತಿ ತೊಯ್ದಿದೆ. ಹಾಕಿದ ಟೈಲ್ಸ್ ಒಡೆದು ಪೈಪು ಸರಿಮಾಡಬೇಕು. ಕಟ್ಟಡ ಹೇಳಿದ ದಿನಕ್ಕೆ ಮುಗಿಯುವುದಿಲ್ಲ. ಮೇನ್ ಕಾಂಟ್ರಾಕ್ಟರ್ ಇಬ್ಬರನ್ನೂ ಕರೆಸಿದರು. "ತಡ ಆದ್ರೆ ಮಾಲೀಕರು ನನ್ನ ಕುತ್ತಿಗೆ ಹಿಡೀತಾರೆ. ನಾನು ಯಾರದ್ದು ಹಿಡೀಲಿ?"

ನಾನು ಬಾಯಿ ತೆರೆಯುವ ಮೊದಲೇ ಕರಾರು ತೆಗೆದು ತೋರಿಸಿದರು. ಇನ್ನೊಬ್ಬರ ಕೆಲಸದ ಮೇಲೆ ಕೆಲಸ ಶುರು ಮಾಡಿದವನು ಕೆಳಗಿನದನ್ನು ನೋಡಿ ಒಪ್ಪಿಕೊಂಡಂತೆ. ಆಮೇಲಿನ ತಡಕ್ಕೆ ಅವನೇ ಹೊಣೆ. ಅಂದರೆ ನಾನು.

"ಗೇಜು ನೋಡಿದ್ರಾ?"

"ನೋಡಿದ್ದೆ ಸರ್. ಸರಿಯಾಗೇ ಇತ್ತು."

ಷಡ್ಡಕ ನನ್ನ ಮುಖ ನೋಡಿದ. ಆಮೇಲೆ ಅವರ ಕಡೆ ತಿರುಗಿದ. "ಭಾವ ಹೇಳಿದ್ರೆ ಸರೀನೇ ಇದ್ದಿರ್ಬೇಕು ಸರ್. ನನ್ನ ಗೇಜೇ ಕೆಟ್ಟಿರ್ಬೇಕು. ಟೆಸ್ಟ್ ನಂದು, ನಾನೇ ಬಂದು ನೋಡ್ಬೇಕಿತ್ತು. ತಡ ನನ್ನ ಹೆಸರಿಗೇ ಹಾಕಿ."

ಹಾಕಿದರು.

ಏಪ್ರಿಲ್ 19
ಹೊಸ ಕಟ್ಟಡ ನನಗೇ ಬಂತು. ಪೂರ್ತಿ. ಟೀಗೂ ಕರೆದರು. ಅವನನ್ನು ಸೈಟಿಗೆ ಸೇರಿಸುತ್ತಿಲ್ಲ. ನಲ್ಲಿ ರಿಪೇರಿಗೆಂದು ಮನೆಮನೆ ಅಲೆಯುತ್ತಿದ್ದಾನೆ.

ಸಂಜೆ ಅತ್ತೆಯ ಮನೆಯಲ್ಲಿ ಸಿಕ್ಕ. "ಭಾವ, ಪೈಪಿನವನು ಯಾರೇ ಬರ್ಲಿ, ಗೇಜು ಮಾತ್ರ ನೀವೇ ನೋಡ್ಕೊಳ್ಳಿ. ಬೇರೆಯವರನ್ನ ನಂಬಬೇಡಿ." ಚುಚ್ಚಿದನೇ? ಇಲ್ಲ. ಚುಚ್ಚುವುದು ಅವನಿಗೆ ಬರುವುದಿಲ್ಲ.

ಅತ್ತೆ ಮೊದಲು ಬಡಿಸಿದ್ದು ಅವನಿಗೆ. ದಾರಿಯುದ್ದಕ್ಕೂ ಹೆಂಡತಿಯದೂ ಅದೇ ರಾಗ: "ನಿಮ್ಮ ಮೇಲೆ ಮಾತು ಬರದ ಹಾಗೆ ನೋಡ್ಕೊಂಡ, ಪಾಪ." ಕೆಲಸ ಕಳೆದುಕೊಂಡೂ ಒಳ್ಳೆಯ ಹೆಸರು ಅವನಿಗೇ. ಉರಿ ಇನ್ನೂ ಆರಿಲ್ಲ, ಹೆಚ್ಚಾಗಿದೆ.

ನಾಳೆ ಫೋನ್ ಮಾಡಿ ಹೇಳಿಬಿಡಬೇಕು, ಮುಳ್ಳು ಇಳಿದಿತ್ತು ಎಂದು. ಒಮ್ಮೆಯಾದರೂ ಅವನು ನನ್ನನ್ನು ಬೈಯಲಿ. ಅವನು ಅದಕ್ಕೂ "ಇರ್ಲಿ ಬಿಡಿ ಭಾವ" ಎಂದುಬಿಟ್ಟರೆ—