ನೋಟದ ಕಟ್ಟೆಯ ಕೆಳಗೆ ನೆಲವಿಲ್ಲ

ನಮಗೆ ಸೂರ್ಯಾಸ್ತ ತೋರಿಸುವ ಹೊಣೆ ಹೊತ್ತಿರುವ ಮಾನ್ಯ ಅಧಿಕಾರಿಗಳೇ,

ಬರುವ ಎಳ್ಳಮಾವಾಸ್ಯೆಯ ಸಂಜೆ ಕೆಂಪು ದರಿಯ ನೋಟದ ಕಟ್ಟೆಯ ಮೇಲೆ ನೀವು ಏರ್ಪಡಿಸಿರುವ ಚಳಿಗಾಲದ ಉತ್ಸವವನ್ನು ನಿಲ್ಲಿಸಿ ಎಂದು ಕೇಳಲು ಈ ಪತ್ರ. ಆ ಕಟ್ಟೆ ನಿಂತಿರುವ ಬಂಡೆಯ ಬುಡವನ್ನು ಅಗೆದು ಪೊಳ್ಳು ಮಾಡಲಾಗಿದೆ. ಹೋದ ವರ್ಷ ಅದರ ಒಂದು ತುಂಡು ಬಿದ್ದದ್ದನ್ನು ಕಣ್ಣಾರೆ ಕಂಡಿದ್ದೇನೆ. ಉಳಿದದ್ದು ಬೀಳುವಾಗ ಅದರ ಮೇಲೆ ಜನ ಇರಬಾರದು. ಇಷ್ಟು ಹೇಳಿದರೆ ಸಾಕಾಗಬೇಕಿತ್ತು. ಆದರೆ ಇದನ್ನೇ ನಿಮ್ಮ ಕಚೇರಿಗೆ ಬಂದು ಹಲವು ಸಲ ಹೇಳಿದ್ದೇನೆ, ಪ್ರತಿ ಸಲವೂ ನಿಮ್ಮವರು ಕೊಟ್ಟ ಚಹಾ ಕುಡಿದು ಮರಳಿದ್ದೇನೆ. ನಿಮ್ಮ ಚಹಾ ಚೆನ್ನಾಗಿರುತ್ತದೆ. ಹಾಗಾಗಿ ಈಗ ಪತ್ರಿಕೆಯ ಮೂಲಕ ಊರಿನವರೆಲ್ಲ ಕೇಳುವಂತೆ ಹೇಳುತ್ತಿದ್ದೇನೆ.

ನಾನು ಚಳಿಗಾಲದ ವಿರೋಧಿ ಎಂದು ದಯವಿಟ್ಟು ತಿಳಿಯಬೇಡಿ. ಬೀದರಿನಲ್ಲಿ ಹುಟ್ಟಿ, ಇಲ್ಲೇ ಮಕ್ಕಳಿಗೆ ಭೂಗೋಳ ಕಲಿಸುತ್ತಿರುವವಳು ನಾನು. ಚಳಿ ಬಿದ್ದ ಕೂಡಲೇ ಕಾಲು ಮನೆಯಲ್ಲಿ ನಿಲ್ಲುವುದಿಲ್ಲ. ಕೋಟೆಯ ಕಂದಕದ ಮೇಲೆ ಮಂಜು ಕೂತಿರುವಾಗ ನಡೆದಿದ್ದೇನೆ. ಅಷ್ಟೂರಿನ ಗುಮ್ಮಟಗಳ ಮೇಲೆ ಬಿಸಿಲು ಇಳಿಯುವುದನ್ನು ಎಷ್ಟು ನೋಡಿದರೂ ನನಗೆ ಸಾಕೆನಿಸಿಲ್ಲ. ಕ್ರಿಸ್‌ಮಸ್ ಮುಗಿದ ಮೇಲೆ ಭಾಲ್ಕಿಯ ಅತ್ತೆಯ ಮನೆಗೆ, ಅಲ್ಲಿಂದ ಔರಾದ ಕಡೆಗೆ, ಡಾಬಕಾದ ಗೆಳತಿಯರ ಹೊಲದಲ್ಲಿ ಹಸಿ ಜೋಳದ ತೆನೆ ಸುಟ್ಟು ತಿನ್ನುವುದಕ್ಕೆ ನಾವು ತಪ್ಪದೆ ಹೋಗುತ್ತೇವೆ. ಈ ಜಿಲ್ಲೆಯಲ್ಲಿ ಚಳಿಗಾಲವನ್ನು ಸವಿಯಲು ಜಾಗಗಳಿಗೆ ಬರವೇ? ಇಷ್ಟೆಲ್ಲ ಇರುವಾಗ, ಬೀಳಲು ಕಾದಿರುವ ಒಂದು ದಿಬ್ಬವೇ ನಿಮ್ಮ ಕಣ್ಣಿಗೆ ಹೇಗೆ ಬಿತ್ತು?

ಕೆಂಪು ದರಿಯನ್ನು ಕಾಣದವರಿಗಾಗಿ ಹೇಳುತ್ತೇನೆ. ನಮ್ಮ ಊರು ಎತ್ತರದ ಕೆಂಪು ಕಲ್ಲಿನ ಮೇಲೆ ಕೂತಿದೆ. ಅದು ಒಂದು ಕಡೆ ಗೋಡೆಯಂತೆ ಕಡಿದಾಗಿ ಬಯಲಿಗೆ ಇಳಿಯುವ ಜಾಗವೇ ಕೆಂಪು ದರಿ. ದರಿಯ ನೆತ್ತಿಯ ಮೇಲೆ ನೀವು ಕಟ್ಟೆ ಕಟ್ಟಿ, ಟೈಲ್ಸ್ ಹಾಕಿ, ಅಂಚಿಗೆ ಕಬ್ಬಿಣದ ಕಟಕಟೆ ನಿಲ್ಲಿಸಿ, ಫೋಟೊ ತೆಗೆಸಿಕೊಳ್ಳಲು ಹೃದಯದ ಆಕಾರದ ಚೌಕಟ್ಟು ಇಟ್ಟಿರಿ. ಅಲ್ಲಿಗೆ ರಸ್ತೆ ಬೇಕಾಯಿತು. ರಸ್ತೆಗೆ ಹಾಸಲು ಮುರುಮು ಮಣ್ಣು ಬೇಕಾಯಿತು. ಗುತ್ತಿಗೆದಾರರು ದೂರದಿಂದ ತರುವ ಕಷ್ಟವನ್ನು ಯಾಕೆ ಪಡಬೇಕು? ಅದೇ ದರಿಯ ಬುಡಕ್ಕೆ ಜೆಸಿಬಿ ಹಚ್ಚಿದರು. ಅಂದರೆ ನೋಟದ ಕಟ್ಟೆಗೆ ಹೋಗುವ ದಾರಿಯನ್ನು ನೋಟದ ಕಟ್ಟೆಯ ಕೆಳಗಿನ ನೆಲದಿಂದಲೇ ಮಾಡಲಾಯಿತು. ಇಂಥ ಮಿತವ್ಯಯವನ್ನು ನಾನು ಯಾವ ಪಠ್ಯಪುಸ್ತಕದಲ್ಲಿಯೂ ಓದಿಲ್ಲ.

ಆ ಬುಡಕ್ಕೆ ಹತ್ತಿಕೊಂಡೇ ಬಸವೇಶ್ವರಿಯ ಹೊಲವಿದೆ. ಅವಳು ನನ್ನ ಬಾಲ್ಯದ ಗೆಳತಿ, ಒಂದೇ ಬೆಂಚಿನಲ್ಲಿ ಕೂತು ಓದಿದವಳು. ಅವಳ ಗಂಡ ಶಿವರಾಜಪ್ಪ. ಪ್ರತಿ ಎಳ್ಳಮಾವಾಸ್ಯೆಗೆ ಅವರ ಹೊಲದಲ್ಲೇ ನಮ್ಮ ಊಟ. ಹೋದ ವರ್ಷವೂ ನಾನು, ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ನನ್ನ ಗಂಡ ಫಿಲಿಪ ಇಬ್ಬರೂ ಹೋದೆವು. ಜೋಳದ ದಂಟಿನ ಪುಟ್ಟ ಗುಡಿಸಲು ಕಟ್ಟಿ ಪೂಜೆ ಮುಗಿಸಿದ್ದರು. ಸಜ್ಜೆ ರೊಟ್ಟಿ, ಕಾಳು ಸೊಪ್ಪು ಎಲ್ಲ ಕೂಡಿಸಿ ಕುದಿಸಿದ ಭಜ್ಜಿ, ಮಡಕೆಯಲ್ಲಿ ಅಂಬಲಿ. ಬಿಸಿಲು ಹಿತವಾಗಿತ್ತು. ದರಿಯ ನೆರಳಿನ ಅಂಚಿನಲ್ಲಿ ಚಾಪೆ ಹಾಸಿ ಕೂತಿದ್ದೆವು. ಮೇಲೆ ನಿಮ್ಮ ಕಟ್ಟೆ ಆಗಷ್ಟೇ ತೆರೆದಿತ್ತು. ಹಬ್ಬದ ದಿನವಾದ್ದರಿಂದ ಜನ ಕಿಕ್ಕಿರಿದಿದ್ದರು. ಅವರ ಹಾಡು, ನಗು ನಮಗೆ ಕೇಳಿಸುತ್ತಿತ್ತು.

ಊಟದ ನಡುವೆ ನನ್ನ ತಟ್ಟೆಯಲ್ಲಿ ಕೆಂಪು ಪುಡಿ ಉದುರಿತು. ಗಾಳಿ ಇರಲಿಲ್ಲ. ಶಿವರಾಜಪ್ಪ ತಲೆ ಎತ್ತಿ ನೋಡಿದರು.

"ಇಲ್ಲಿ ಬ್ಯಾಡ್ರಿ ಬಾಯಾರ, ಗಿಡದ ಕಡಿ ಸರದು ಕೂಡ್ರಿ. ಮ್ಯಾಲ ಮಂದಿ ಜಾಸ್ತಿ ಆಗ್ಯಾರ, ಮಣ್ಣು ಉದರ್ಲತ್ತದ" ಎಂದು ನನಗೆ ಹೇಳಿದರು.

"ಆ ಮಷಿನ್ ಬಂದಾಗಿಂದ ಹಿಂಗೇ ನಡದದ, ಇವಾ" ಎಂದಳು ಬಸವೇಶ್ವರಿ, ಮಡಕೆ ಎತ್ತಿಕೊಳ್ಳುತ್ತ. ಶಾಲೆಯ ದಿನಗಳಿಂದಲೂ ನಾನು ಅವಳಿಗೆ ಇವಾ.

ನಾವು ಬೇವಿನ ಗಿಡದ ಕೆಳಗೆ ಸರಿದೆವು. ಶಿವರಾಜಪ್ಪ ನೆರಳಿಗೆ ಕಟ್ಟಿದ್ದ ಎತ್ತುಗಳನ್ನು ಬಿಚ್ಚಿ ತರಲು ಹೋದರು. ಒಂದನ್ನು ಬಿಚ್ಚಿ ಬಯಲಿನ ಕಡೆ ಅಟ್ಟಿದರು. ಎರಡನೆಯದರ ಹಗ್ಗಕ್ಕೆ ಕೈ ಹಾಕಿದ್ದಷ್ಟೇ ನನಗೆ ನೆನಪು. ದೊಡ್ಡ ಸದ್ದೇನೂ ಆಗಲಿಲ್ಲ. ಯಾರೋ ಭಾರವಾದ ಚೀಲವನ್ನು ನೆಲಕ್ಕೆ ಇಳಿಸಿದ ಹಾಗಿತ್ತು. ಧೂಳು ಕರಗಿದಾಗ ಎತ್ತಿನ ಬಾಲ ಮಾತ್ರ ಕಾಣುತ್ತಿತ್ತು. ಅದರ ಪಕ್ಕದಲ್ಲಿ ಶಿವರಾಜಪ್ಪ ಅಂಗಾತ ಬಿದ್ದಿದ್ದರು. ಅವರ ಬಲಗಾಲು ಕಲ್ಲಿನ ಅಡಿಯಲ್ಲಿತ್ತು.

ಫಿಲಿಪ ಓಡಿ ಹೋಗಿ ಅವರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, "ಅಲುಗಾಡಬ್ಯಾಡ್ರಿ ಅಣ್ಣಾ, ನಾ ಹಿಡದೇನಿ" ಎನ್ನುತ್ತಿದ್ದ. ಬಸವೇಶ್ವರಿ ಬರಿಗೈಯಿಂದ ಮಣ್ಣು ಕೆದರುತ್ತಿದ್ದಳು. ನಾನು ಮೇಲೆ ನೋಡಿದೆ. ಧೂಳೆದ್ದದ್ದು ಏನೆಂದು ನೋಡಲು ಜನರೆಲ್ಲ ಕಟಕಟೆಗೆ ಬಂದು ಒರಗಿದ್ದರು, ಫೋನು ಹಿಡಿದು ಬಗ್ಗಿದ್ದರು. ಅವರ ಕಾಲ ಕೆಳಗೆ, ಬಂಡೆ ಕಳಚಿದ ಜಾಗದಲ್ಲಿ, ಕಟ್ಟೆಯ ಕಾಂಕ್ರೀಟು ಆಧಾರವಿಲ್ಲದೆ ಗಾಳಿಯಲ್ಲಿ ಚಾಚಿಕೊಂಡಿತ್ತು. ನಾನು ಎರಡೂ ಕೈ ಬೀಸಿ, ಹಿಂದೆ ಸರಿಯಿರಿ ಎಂದು ಗಂಟಲು ಹರಿಯುವಂತೆ ಕೂಗಿದೆ. ಅವರಿಗೆ ಮಾತು ಕೇಳಿಸಲಿಲ್ಲ. ಕೆಲವರು ನಗುತ್ತ ನನ್ನತ್ತ ಕೈ ಬೀಸಿದರು. ಒಬ್ಬಾಕೆ ತನ್ನ ಮಗುವನ್ನು ಎತ್ತಿ, ಅದರ ಕೈಯನ್ನೂ ಹಿಡಿದು ಬೀಸಿಸಿದಳು.

ಆ ಕೈಬೀಸು ನನಗೆ ಇಂದಿಗೂ ಕನಸಿನಲ್ಲಿ ಬರುತ್ತದೆ.

ಶಿವರಾಜಪ್ಪನವರ ಜೀವ ಉಳಿಯಿತು, ಪಾದ ಉಳಿಯಲಿಲ್ಲ. ಅವರು ಆಸ್ಪತ್ರೆಯಲ್ಲಿ ಇರುವಾಗಲೇ ನಾನೂ ಬಸವೇಶ್ವರಿಯೂ ನಿಮ್ಮ ಕಚೇರಿಗೆ ಬಂದಿದ್ದೆವು. ನೀವು ಸಭೆಯಲ್ಲಿದ್ದಿರಿ. ನಿಮ್ಮ ಇಂಜಿನಿಯರರು ಎಲ್ಲ ಕೇಳಿಸಿಕೊಂಡು, "ಅಲ್ರಿ ಬಾಯಿ, ದರಿ ಬುಡಕ ಎತ್ತು ಯಾಕ ಕಟ್ಟಿದ್ರಿ?" ಎಂದು ವಿಚಾರಿಸಿದರು.

ಬಸವೇಶ್ವರಿ ಅವರ ಮುಖವನ್ನೇ ನೋಡಿದಳು. "ಹೊಲಾ ನಮ್ದು ಸಾಹೇಬ್ರ. ಎತ್ತು ನಮ್ದು. ಕಲ್ಲು ಯಾರದು ಅಂತ ನೀವ ಹೇಳ್ರಿ" ಎಂದಳು.

ಆ ಪ್ರಶ್ನೆಗೆ ಉತ್ತರ ಇನ್ನೂ ಬಂದಿಲ್ಲ. ಆದರೆ ಕ್ರಮ ಕೈಗೊಂಡಿರಿ, ಇಲ್ಲವೆನ್ನುವುದಿಲ್ಲ. ಕಟ್ಟೆಯ ಬಿರುಕಿಗೆ ಸಿಮೆಂಟು ಮೆತ್ತಿಸಿದಿರಿ. ಅದರ ಮೇಲೆ ಹೊಸ ಟೈಲ್ಸ್ ಹಾಕಿಸಿದಿರಿ. ಕೆಳಗಿನಿಂದ ಕಾಣಬಾರದೆಂದೋ ಏನೋ, ಗಾಳಿಯಲ್ಲಿ ಚಾಚಿದ ಭಾಗಕ್ಕೆ ಬಣ್ಣದ ಬಟ್ಟೆಯ ಫಲಕ ಇಳಿಬಿಟ್ಟಿರಿ. "ಚಳಿಗಾಲಕ್ಕೆ ಸ್ವಾಗತ" ಎಂದು ಅದರ ಮೇಲೆ ಬರೆಸಿದ್ದೀರಿ. ಜೆಸಿಬಿ ಕೆಲವು ವಾರ ಕಾಣಲಿಲ್ಲ. ಆಮೇಲೆ ವಾಹನ ನಿಲುಗಡೆಯ ಜಾಗಕ್ಕೆಂದು ಮತ್ತೆ ಬಂತು.

ಈ ಸಲದ ಮಳೆ ಜೋರಾಗಿತ್ತು. ದಸರಾ ಕಳೆದ ಮೇಲೆ ನಾನೂ ಫಿಲಿಪನೂ ಮೇಲೆ ಹೋಗಿ ನೋಡಿದೆವು. ಬಾಗಿಲಲ್ಲಿ ಟಿಕೆಟ್ ಕೊಡುವ ಅಮೀರ ಪಾಶಾ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ತಂದೆ. ಗೇಟನ್ನು ಭುಜ ಕೊಟ್ಟು ದೂಡುತ್ತಿದ್ದರು.

"ಗೇಟ್ ಬರಾಬರ್ ಕೂಡವಲ್ದು ಬಾಯಾರ. ಮಳಿ ಮುಗದಾಗಿಂದ ಹಿಂಗೇ. ಎಣ್ಣಿ ಹಾಕು ಅಂದ್ರು, ಹಾಕೀನಿ."

"ನೀವು ಕಟಕಟಿ ತನಕ ಹೋಗ್ತೀರೇನು?" ಎಂದು ಕೇಳಿದೆ.

"ನಾ ಯಾಕ ಹೋಗ್ಲಿರಿ? ನನಗ ಮಕ್ಕಳು ಅದಾವ."

"ಮತ್ತ ಟಿಕೆಟ್ ಕೊಡ್ತೀರಲ್ಲ?"

ಅವರು ಮತ್ತೆ ಗೇಟಿಗೆ ಭುಜ ಕೊಟ್ಟರು. "ಕೊಡು ಅಂತಾರ, ಕೊಡ್ತೀನಿ" ಎಂದರು.

ಕಟ್ಟೆಗೂ ಹಿಂದಿನ ನೆಲಕ್ಕೂ ನಡುವೆ ಟೈಲ್ಸ್ ಬಾಯಿ ಬಿಟ್ಟಿದ್ದವು. ಫಿಲಿಪ ಮೊಣಕಾಲೂರಿ ಆ ಸಂದಿಯ ಮೇಲೆ ಅಂಗೈ ಇಟ್ಟ. "ಕೆಳಗಿಂದ ಗಾಳಿ ಬರ್ಲತ್ತದ, ಇವಾ" ಎಂದ. ನಾನೂ ಕೈ ಇಟ್ಟೆ. ತಣ್ಣಗಿನ, ಹಸಿ ಮಣ್ಣಿನ ವಾಸನೆಯ ಗಾಳಿ ಬೆರಳುಗಳ ನಡುವೆ ಏರಿ ಬರುತ್ತಿತ್ತು. ನಾವಿಬ್ಬರೂ ಹೆಜ್ಜೆ ಸದ್ದಾಗದಂತೆ ಹೊರಗೆ ಬಂದೆವು.

ಅಧಿಕಾರಿಗಳೇ, ನೀವು ಒಮ್ಮೆ ಆ ಸಂದಿಯ ಮೇಲೆ ಕೈ ಇಟ್ಟು ನೋಡಿದ್ದೀರಾ? ಇದನ್ನು ಹೇಳಿದಾಗ ನಿಮ್ಮ ಕಚೇರಿ ಕೊಟ್ಟ ಉತ್ತರ, ಭೂವಿಜ್ಞಾನಿಗಳು ಬಂದು ಪರಿಶೀಲಿಸುತ್ತಾರೆ, ಉತ್ಸವ ಮುಗಿದ ಮೇಲೆ. ಮೊದಲು ಊರಿನ ಜನರನ್ನೆಲ್ಲ ಹತ್ತಿಸಿ ನೋಡುವುದು, ಆಮೇಲೆ ತಜ್ಞರನ್ನು ಕರೆಯುವುದು. ತಜ್ಞರ ಜೀವಕ್ಕೆ ಅಪಾಯ ಬರಬಾರದೆಂಬ ನಿಮ್ಮ ಕಾಳಜಿ ಮೆಚ್ಚತಕ್ಕದ್ದೇ.

ಇಷ್ಟಕ್ಕೇ ನಿಂತಿದ್ದರೆ ನಾನು ಇನ್ನೊಮ್ಮೆ ಚಹಾ ಕುಡಿಯಲು ಬರುತ್ತಿದ್ದೆನೇನೋ. ಆದರೆ ನಿನ್ನೆ ನಮ್ಮ ಮುಖ್ಯಗುರುಗಳು ನನ್ನನ್ನು ಕರೆದರು. ಉತ್ಸವದ ಆರಂಭಕ್ಕೆ ನಮ್ಮ ಶಾಲೆಯ ಮಕ್ಕಳು ಸ್ವಾಗತಗೀತೆ ಹಾಡಬೇಕಂತೆ. ಹಿಂದೆ ಮುಳುಗುವ ಸೂರ್ಯ ಕಾಣಲೆಂದು ಅವರನ್ನು ಕಟಕಟೆಗೆ ಬೆನ್ನು ಹಚ್ಚಿ ನಿಲ್ಲಿಸಬೇಕಂತೆ. ಕರೆದುಕೊಂಡು ಹೋಗುವುದು ನನ್ನ ಕೆಲಸ.

"ನಾ ಒಯ್ಯಂಗಿಲ್ರಿ" ಎಂದೆ.

ಅವರು ಕೆಟ್ಟವರಲ್ಲ. ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. "ಮ್ಯಾಲಿಂದ ಹೇಳ್ಯಾರ ಬಾಯಾರ, ನಾ ಏನು ಮಾಡ್ಲಿ? ನೀವು ಹೋಗಲಿಲ್ಲಂದ್ರ ಬ್ಯಾರೆಯವರು ಒಯ್ತಾರ. ಮಕ್ಕಳಂತೂ ಹೋಗೋರೇ."

ಹೊರಗೆ ಅಂಗಳದಲ್ಲಿ ಹುಡುಗಿಯರು ಆಗಲೇ ಆ ಹಾಡು ಅಭ್ಯಾಸ ಮಾಡುತ್ತಿದ್ದರು.

ಆದ್ದರಿಂದ ನನ್ನ ಬೇಡಿಕೆ ಇದು. ಉತ್ಸವವನ್ನು ಕೋಟೆಯ ಬಯಲಿಗೋ, ಭಾಲ್ಕಿಗೋ, ಔರಾದಿಗೋ, ಕಾಲ ಕೆಳಗೆ ನೆಲವಿರುವ ಯಾವ ಜಾಗಕ್ಕಾದರೂ ಒಯ್ಯಿರಿ. ಕಟ್ಟೆಯನ್ನು ಇಂದೇ ಮುಚ್ಚಿರಿ. ದರಿಯ ಬುಡದಿಂದ ಜೆಸಿಬಿಯನ್ನು ಹೊರಗೆ ಕಳಿಸಿ. ಕೆಳಗಿನ ಹೊಲದವರಿಗೆ ಅಪಾಯ ಇದೆಯೆಂದು ನಿಮ್ಮ ಬಾಯಿಂದಲೇ ಹೇಳಿ.

ಇದಾವುದೂ ಆಗದಿದ್ದರೆ, ಆ ಮಧ್ಯಾಹ್ನ ದರಿಗೆ ಹತ್ತುವ ರಸ್ತೆಯ ತಿರುವಿನಲ್ಲಿ ನಾನು ಅಡ್ಡ ನಿಂತಿರುತ್ತೇನೆ. ಬಸವೇಶ್ವರಿಯೂ ಬರುತ್ತೇನೆಂದಿದ್ದಾಳೆ. ನಾವು ಇಬ್ಬರೇ. ಎಳೆದು ಬದಿಗೆ ಸರಿಸಲು ನಿಮಗೆ ಹೆಚ್ಚು ಹೊತ್ತು ಬೇಕಾಗದು. ಶಾಲೆಯ ಬಸ್ಸು ಮುಂದೆ ಹೋಗುತ್ತದೆ. ಅದರ ಕಿಟಕಿಗಳಿಂದ ಮಕ್ಕಳು ತಮ್ಮ ಟೀಚರಿಗೆ ಏನಾಗುತ್ತಿದೆ ಎಂದು ನೋಡುತ್ತಾರೆ. ಅವರಿಗೆ ಏನು ಹೇಳಬೇಕೆಂಬುದನ್ನು ಮಾತ್ರ ನೀವು ಈಗಲೇ ಯೋಚಿಸಿಟ್ಟುಕೊಳ್ಳಿ.

ಇಂತಿ, ತಾನು ಬರೆದದ್ದೆಲ್ಲ ಸುಳ್ಳಾಗಿ ಊರು ತನ್ನನ್ನು ನೋಡಿ ನಗಲಿ ಎಂದು ದಿನವೂ ಪ್ರಾರ್ಥಿಸುತ್ತಿರುವ,
ಇವಾಂಜಲಿನ ಫಿಲಿಪ
ಭೂಗೋಳ ಶಿಕ್ಷಕಿ (ಈ ಪತ್ರ ಅಚ್ಚಾಗುವ ತನಕವಾದರೂ), ಬೀದರ