ಗುರುಲಿಂಗಮ್ಮ ಎಂಬ ಎರಡು ಟಿವಿ

ಸಿಂಧನೂರು
೧೬ ಮಾರ್ಚ್ ೨೦೨೫

ಪ್ರೀತಿಯ ರಂಜನಿ ಅಕ್ಕನಿಗೆ,

ಶಿವಿಯ ಶರಣು. ನೀನೂ ಶಿವಪ್ರಸಾದ ಮಾಮನೂ ಆರಾಮಾಗಿದ್ದೀರಿ ಎಂದುಕೊಂಡಿದ್ದೇನೆ. ಲಿಂಗಸುಗೂರಿನಲ್ಲಿ ನಿಮ್ಮ ಮನೆ ಮಹಡಿಯ ಮೇಲಿದೆಯಂತೆ, ಬಿಸಿಲು ಜಾಸ್ತಿಯಂತೆ. ಇದನ್ನು ಹೇಳಿದ್ದು ಕೇಬಲ್ಲಿನ ಆಸೀಮ್. ನೀನಲ್ಲ.

ನಿನ್ನ ಮೆಸೇಜು ಬಂದು ತಿಂಗಳಾಯಿತು. ‘ನನ್ನ ಗೇಮಿನ ಡಬ್ಬಿ ಬಸ್ಸಿಗೆ ಹಾಕಿ ಕಳಿಸು’ ಎಂದು ಒಂದೇ ಸಾಲು ಬರೆದಿದ್ದೆ. ನಾನು ‘ಆಯಿತು’ ಎಂದು ಒಂದೇ ಪದ ಬರೆದೆ. ಆದರೆ ಕಳಿಸಲಿಲ್ಲ. ಫೋನಿನಲ್ಲಿ ಕಾರಣ ಹೇಳೋಣವೆಂದರೆ, ‘ಹಲೋ’ ಆದ ಮೇಲೆ ಏನು ಮಾತಾಡಬೇಕು ಎಂಬುದು ನನಗೆ ಕನ್ನಡ ಎಂ.ಎ. ಮುಗಿಸಿದರೂ ತಿಳಿದಿಲ್ಲ. ಅದಕ್ಕೇ ಈ ಪತ್ರ. ತಡವಾದದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ಪೂರ್ತಿ ಓದಿದ ಮೇಲೂ ಬೇಸರವಾದರೆ ಮಾಡಿಕೋ.

ಮೊದಲು ಊರಿನ ಸುದ್ದಿ. ಎರಡನೇ ಬೆಳೆಯ ಭತ್ತ ತೆನೆ ಬಿಟ್ಟಿದೆ. ಅಪ್ಪ ಹೊಸ ಪಂಪ್‌ಸೆಟ್ ತಂದಿದ್ದಾರೆ. ಅದರ ಮೇಲೂ ಕೆಂಪು ಬಣ್ಣದಲ್ಲಿ ‘ಗುರುಲಿಂಗಮ್ಮ’ ಎಂದು ಬರೆಸಿದ್ದಾಯಿತು. ಟ್ರ್ಯಾಕ್ಟರ್, ಟ್ರಾಲಿ, ದೊಡ್ಡಪ್ಪನ ಗೊಬ್ಬರದ ಅಂಗಡಿ, ಮಾಳಿಗೆಯ ನೀರಿನ ಟ್ಯಾಂಕು, ಈಗ ಇದು. ‘ಬದುಕಿದ್ದವರ ಹೆಸರು ಇಷ್ಟು ಕಡೆ ಬರಿಬಾರದ್ರಪ್ಪಾ’ ಎಂದು ಅಜ್ಜಿ ಗೊಣಗುತ್ತಾಳೆ. ಬಣ್ಣ ಒಣಗುವ ತನಕ ಮಾತ್ರ ಅಲ್ಲಿಂದ ಏಳುವುದಿಲ್ಲ.

ನಗಬೇಡ, ನಾನು ಹೇಳಬೇಕಾದದ್ದು ಈ ಹೆಸರಿನಿಂದಲೇ ಶುರುವಾಗುತ್ತದೆ. ಹೋದ ವರ್ಷದ ಹಿಂದಿನ ದೀಪಾವಳಿಗೆ ನಿಮ್ಮಪ್ಪ, ನಮ್ಮಪ್ಪ ಅಣ್ಣತಮ್ಮರಿಬ್ಬರೂ ಒಂದೇ ನಮೂನೆಯ ಟಿವಿ ತಂದದ್ದು ನೆನಪಿದೆಯಲ್ಲ? ಗೋಡೆಯ ಆಚೆ ನಿಮ್ಮ ಪಡಸಾಲೆಯಲ್ಲಿ ಒಂದು, ಈಚೆ ನಮ್ಮದರಲ್ಲಿ ಒಂದು. ಎರಡಕ್ಕೂ ಇಂಟರ್ನೆಟ್ ಮಾತ್ರ ಮಾಳಿಗೆಯ ನನ್ನ ಕೋಣೆಯಲ್ಲಿರುವ ಒಂದೇ ಪೆಟ್ಟಿಗೆಯಿಂದ. ಕೂಡಿಸುವಾಗ ಆಸೀಮ್ ‘ಟಿವಿಗೆ ಏನ್ ಹೆಸರು ಹಾಕ್ಲಿರೀ?’ ಎಂದು ಕೇಳಿದ. ದೊಡ್ಡಪ್ಪ ‘ಅವ್ವನ ಹೆಸರು ಹಾಕು’ ಎಂದರು. ಈಚೆ ಬಂದು ಕೇಳಿದರೆ ನಮ್ಮಪ್ಪನೂ ಅದೇ ಅಂದರು. ‘ಒಂದು, ಎರಡು ಅಂತಾದ್ರೂ ಹಾಕ್ತೀನ್ರೀ’ ಎಂದನಂತೆ ಆಸೀಮ್. ತಮ್ಮ ತಾಯಿ ಎರಡನೆಯವಳಾಗುವುದಕ್ಕೆ ಇಬ್ಬರೂ ಒಪ್ಪಲಿಲ್ಲ. ಹಾಗಾಗಿ ನಿನ್ನ ಡಬ್ಬಿಯಿಂದ ಟಿವಿಗೆ ವಿಡಿಯೊ ಕಳಿಸಲು ಹೋದರೆ ನನ್ನ ಕೋಣೆಯ ಪರದೆಯ ಮೇಲೆ ಈಗಲೂ ಎರಡು ಗುರುಲಿಂಗಮ್ಮ ಕಾಣುತ್ತಾರೆ.

ನೀನು ಮಾಮನನ್ನು ಮದುವೆಯಾದ ದಿನ ದೊಡ್ಡಪ್ಪ ಏನು ಮಾಡಿದರೆಂದು ನಿನಗೆ ಯಾರಾದರೂ ಹೇಳಿದ್ದಾರೋ ಇಲ್ಲವೋ. ಗೋಡೆಯ ಮೇಲಿನ ನಿನ್ನ ಫೋಟೊ ಇಳಿಸಿದರು. ಆಸೀಮನನ್ನು ಕರೆಸಿ ಫೋನಿನಲ್ಲಿದ್ದವನ್ನೂ ಅಳಿಸಿದರು. ‘ನಮ್ಮ ಮಂದಿ ಬಿಟ್ಟು ಹೋದಾಕಿ ಹೆಸರು ಇನ್ ಮ್ಯಾಲ ಈ ಮನಿಯಾಗ ಯಾರೂ ತಗಿಯಂಗಿಲ್ಲ’ ಎಂದರು. ಯಾರೂ ತೆಗೆಯಲಿಲ್ಲ. ಡಬ್ಬಿಯ ವಿಷಯ ಅವರಿಗೆ ಹೊಳೆಯಲಿಲ್ಲ. ಟ್ಯೂಷನ್ ಹೇಳಿ ಗಳಿಸಿದ್ದರಲ್ಲಿ ನೀನು ಅದನ್ನು ತಂದಾಗ ‘ಹೆಣ್ಣುಮಕ್ಕಳಿಗೆ ಕಾರಿನಾಟ ಯಾಕ ಬೇಕು?’ ಎಂದು ಬೈದು ನನ್ನ ಕೋಣೆಗೆ ಹತ್ತಿಸಿದವರು ಅವರೇ. ನಾವಿಬ್ಬರೂ ರೇಸ್ ಆಡುವಾಗ ನೀನು ರೆಕಾರ್ಡ್ ಮಾಡುತ್ತಿದ್ದ ವಿಡಿಯೊಗಳೆಲ್ಲ ಅದರೊಳಗೆ ಹಾಗೇ ಉಳಿದವು. ಪರದೆ ತುಂಬ ನಿನ್ನ ಕೆಂಪು ಕಾರು, ನನ್ನ ಬಿಳಿ ಕಾರು. ಮೂಲೆಯಲ್ಲಿ ಅಂಗೈಯಗಲ ನಿನ್ನ ಮುಖ.

ಸಂಕ್ರಾಂತಿ ಕಳೆದ ಮೇಲೆ ಒಂದು ಮಧ್ಯಾಹ್ನ ನಿಮ್ಮವ್ವ, ಗ್ಯಾನಮ್ಮ ದೊಡ್ಡಮ್ಮ, ನಮ್ಮ ಕಡೆ ಬಂದಳು. ಸೆರಗಿನ ತುದಿಯನ್ನು ಸುತ್ತುತ್ತ ಬಿಚ್ಚುತ್ತ, ‘ಶಿವಿ, ಆಕಿ ಮಾರಿ ಒಂದ್ಸಲ ತೋರಸ್ ಬೇ. ಆಸೀಮ್ ಹೇಳಿದ, ನಿನ್ ಡಬ್ಬ್ಯಾಗ ಐತಂತ’ ಎಂದಳು. ನಾನು ಅವಳನ್ನು ನಮ್ಮ ಟಿವಿಯ ಮುಂದೆ ಕೂರಿಸಿ ಮಾಳಿಗೆಗೆ ಹೋದೆ. ವಿಡಿಯೊ ಆರಿಸಿ, ಗುರುಲಿಂಗಮ್ಮ ಎಂಬುದನ್ನು ಒತ್ತಿದೆ. ಕೆಳಗೆ ಇಳಿದರೆ ನಮ್ಮ ಟಿವಿ ಕಪ್ಪಗಿದೆ. ಗೋಡೆಯ ಆಚೆಯಿಂದ ನಿನ್ನ ದನಿ ಬಂತು: ‘ಏ ಶಿವೀ, ಬ್ರೇಕ್ ಹಿಡಿಯಬೇ! ಕಣ್ಣೇನ್ ಮಠದಾಗ ಇಟ್ಟ್ ಬಂದೀಯೇನು?’

ಅಲ್ಲಿ ದೊಡ್ಡಪ್ಪ ಒಬ್ಬರೇ ಇರಲಿಲ್ಲ. ವಳಕಮದಿನ್ನಿಯಿಂದ ಹಳೆಯ ಬೀಗರೊಬ್ಬರು ಬಂದಿದ್ದರು. ನಾನೂ ದೊಡ್ಡಮ್ಮನೂ ಬಾಗಿಲ ಸಂದಿಯಲ್ಲಿ ನಿಂತೆವು. ಬೀಗರು ಚಹಾದ ಬಸಿ ಹಿಡಿದುಕೊಂಡೇ ‘ಸಂಗನಬಸಪ್ಪಾರ, ಇದು ನಿಮ್ಮ ಹುಡುಗಿ ಅಲ್ಲೇನ್ರೀ?’ ಎಂದರು.

‘ಅಲ್ಲ ಬಿಡ್ರಿ, ಯಾವುದೋ ಚಾನಲ್ ಹತ್ತೈತಿ.’

‘ಮೂಗು ಮಾತ್ರ ನಿಮ್ದ ಐತಿ ನೋಡ್ರಿ.’

‘ಮೂಗು ಎಲ್ಲಾರಿಗೂ ಇರತಾವ. ಚಾ ಕುಡೀರಿ, ಆರತೈತಿ.’

ರಿಮೋಟು ಅವರ ತೊಡೆಯ ಮೇಲೇ ಇತ್ತು. ಅವರು ಅದನ್ನು ಮುಟ್ಟಲಿಲ್ಲ. ನಾನು ಮಾಳಿಗೆಗೆ ಓಡಿ ನಿಲ್ಲಿಸುವ ಹೊತ್ತಿಗೆ ರೇಸು ಮುಗಿದಿತ್ತು.

ಬೈಗುಳ ಬರುತ್ತದೆಂದು ಎರಡು ದಿನ ದೊಡ್ಡಮ್ಮ ಊಟ ಸರಿಯಾಗಿ ಮಾಡಲಿಲ್ಲ. ಬರಲಿಲ್ಲ. ಬೈಗುಳದ ಬದಲು ದೊಡ್ಡಪ್ಪ ಆಸೀಮನನ್ನು ಕರೆಸಿದರು. ಮುಂದಿನದನ್ನು ಅವನೇ ನನಗೆ ಹೇಳಿದ. ‘ಆ ಚಾನಲ್ ಎಲ್ಲಿರತೈತಿ ತೋರಸು, ತಗದ್ ಹಾಕಬೇಕು’ ಎಂದರಂತೆ. ಮಾಳಿಗೆಯ ಡಬ್ಬಿ ಟಿವಿಯ ಯಾವ ಪುಟದಲ್ಲಿ ಕಾಣುತ್ತದೆ, ಒಳಗಿನ ವಿಡಿಯೊಗಳನ್ನು ಇಲ್ಲಿಂದಲೇ ಹೇಗೆ ತೆರೆಯಬಹುದು ಎಂದು ಇವನು ತೋರಿಸಿದ. ‘ತಗೀಲೇನ್ರಿ ಮತ್ತ?’ ಎಂದು ಕೇಳಿದರೆ, ‘ಇರಲಿ, ನಾನ ತಗೀತೀನಿ. ನೀ ಹೋಗು’ ಎಂದರಂತೆ.

ಅಂದಿನಿಂದ ಮಧ್ಯಾಹ್ನ ಅವರು ಅಂಗಡಿಯಿಂದ ಊಟಕ್ಕೆ ಬಂದ ಮೇಲೆ ಮಾಳಿಗೆಯಲ್ಲಿ ನಿನ್ನ ಡಬ್ಬಿಯ ಫ್ಯಾನು ತಾನೇ ಜೋರಾಗುತ್ತದೆ. ಪರದೆಯ ಮೂಲೆಯಲ್ಲಿ ‘ಗುರುಲಿಂಗಮ್ಮ ನೋಡುತ್ತಿದ್ದಾರೆ’ ಎಂದು ಬರುತ್ತದೆ. ನಮ್ಮ ಟಿವಿ ಆಗ ಬಂದಾಗಿರುತ್ತದೆ. ಗೋಡೆಯ ಆಚೆಯಿಂದ ದನಿ ಬರುವುದಿಲ್ಲ, ಅವರು ಸಪ್ಪಳ ಪೂರ್ತಿ ಇಳಿಸಿ ನೋಡುತ್ತಾರೆ. ಪಕ್ಕದಲ್ಲಿ ಓದುತ್ತ ಕೂತ ನಾನು ಪುಟ ತಿರುಗಿಸುವುದನ್ನು ಮರೆಯುತ್ತೇನೆ, ಅಷ್ಟೆ. ಡಬ್ಬಿಯನ್ನು ಬಂದ್ ಮಾಡುವುದನ್ನು ಬಿಟ್ಟಿದ್ದೇನೆ. ಕರೆಂಟ್ ಬಿಲ್ಲಿಗೆ ಅಪ್ಪ ಬೈದಾಗ ನನ್ನ ಓದಿಗೆ ಬೇಕು ಅಂದೆ.

ಯಾರಿಗೂ ಹೇಳಿರಲಿಲ್ಲ. ಆದರೆ ಹೋದ ಅಮಾವಾಸ್ಯೆಗೆ ಎಲ್ಲರೂ ಕೂಡಿ ಉಣ್ಣುವಾಗ ದೊಡ್ಡಪ್ಪ ರೊಟ್ಟಿ ಮುರಿಯುತ್ತ, ನನ್ನನ್ನು ನೋಡದೆ ಅಂದರು: ‘ಆ ಕೆಂಪು ಕಾರು ಸೇತುವಿ ದಾಟಿದ ಕೂಡಲೇ ವಿಪರೀತ ಜೋರ್ ಹೊಡೀತೈತಿ. ಅಲ್ಲಿ ತಿರುವೈತಿ. ಟ್ರ್ಯಾಕ್ಟರ್ ಹೊಡದಾಕಿಗೆ ಅಷ್ಟೂ ತಿಳಿಯಂಗಿಲ್ಲೇನು?’

ನಿನಗೆ ಟ್ರ್ಯಾಕ್ಟರ್ ಕಲಿಸಿದವರು ಅವರು. ನಮ್ಮಪ್ಪ ‘ಯಾವ ಕಾರಪಾ ಅಣ್ಣ?’ ಎಂದು ಕೇಳಿದರು. ‘ಉಣ್ಣು ನೀ’ ಎಂದರು ದೊಡ್ಡಪ್ಪ. ದೊಡ್ಡಮ್ಮ ನೀರಿನ ತಂಬಿಗೆ ಎತ್ತಿಕೊಂಡು ಒಳಗೆ ಹೋದವಳು ಬಹಳ ಹೊತ್ತು ಬರಲಿಲ್ಲ.

ಅಷ್ಟು ಹೊತ್ತಿಗಾಗಲೇ ನಿನ್ನ ಮೆಸೇಜು ಬಂದಿತ್ತು. ವಸ್ತು ನಿನ್ನದು, ಇಟ್ಟುಕೊಳ್ಳಲು ನಾನು ಯಾರು? ಮೊನ್ನೆ ಸೋಮವಾರ ಡಬ್ಬಿಯನ್ನು ಹಳೆ ಟವೆಲ್ಲಿನಲ್ಲಿ ಸುತ್ತಿ ರಟ್ಟಿನ ಪೆಟ್ಟಿಗೆಗೆ ಹಾಕಿದೆ. ಮೇಲೆ ‘ಶಿವರಂಜನಿ ಶಿವಪ್ರಸಾದ, ಲಿಂಗಸುಗೂರು’ ಎಂದು ದಪ್ಪ ಅಕ್ಷರದಲ್ಲಿ ಬರೆದೆ. ಸಂಜೆಯ ಬಸ್ಸಿನ ಕಂಡಕ್ಟರ್ ಹನುಮಂತರಾಯ ಒಪ್ಪಿಕೊಂಡಿದ್ದ.

ಮಧ್ಯಾಹ್ನ ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳ. ಮೊಣಕಾಲು ನೋವಿಗೆ ದೊಡ್ಡಪ್ಪ ಮಾಳಿಗೆ ಹತ್ತುವುದನ್ನೇ ಬಿಟ್ಟಿದ್ದರು. ಬಾಗಿಲಲ್ಲಿ ನಿಂತು ಏದುಸಿರು ಬಿಡುತ್ತ ಕೇಳಿದರು.

‘ಮ್ಯಾಲ ಕರೆಂಟ್ ಇಲ್ಲೇನು?’

‘ಐತ್ರಿ ದೊಡ್ಡಪ್ಪ.’

ಅವರ ಕಣ್ಣು ಪೆಟ್ಟಿಗೆಯ ಮೇಲೆ ಹೋಯಿತು. ಎರಡೂ ಹೆಸರನ್ನು ತುಟಿ ಅಲ್ಲಾಡಿಸಿ ಓದಿದರು. ನಾನು ಗೋಡೆಗೆ ಒತ್ತಿಕೊಂಡೆ.

‘ಕಡೀದೊಂದು ಐತಲ್ಲ,’ ಎಂದರು. ‘ಅದು ಅರ್ಧಕ್ಕ ನಿಂತೈತಿ. ಯಾರು ಗೆದ್ದರು?’

‘ಅದು ಮುಗದಿಲ್ರಿ. ಅಕ್ಕ ಚಾ ತರತೀನಂತ ಎದ್ದು ಹೋದಾಕಿ ತಿರಗಿ ಬರಲಿಲ್ಲ.’

ಅಂದು ಯಾವ ದಿನ ಎಂದು ಅವರು ಕೇಳಲಿಲ್ಲ. ಅವರಿಗೆ ತಿಳಿಯಿತು. ಕಿಟಕಿಯ ಹತ್ತಿರ ಹೋಗಿ ಹೊರಗೆ ನೋಡಿದರು. ಮಾರ್ಚಿನ ಬಿಸಿಲು, ಅಕ್ಕಿ ಗಿರಣಿಯ ಹೊಗೆ ಬಿಟ್ಟರೆ ಆಕಾಶದಲ್ಲಿ ಏನೂ ಇಲ್ಲ.

‘ಮ್ವಾಡ ಆಗೈತಿ,’ ಎಂದರು. ‘ಬಸ್ಸಿನ ಮ್ಯಾಲ ಹಾಕಿದರ ತೊಯ್ತೈತಿ. ಮಳಿ ಹೋಗಲಿ, ಆಮ್ಯಾಲ ಕಳಸಿದರಾತು.’

ಇಳಿದು ಹೋದರು. ನಾನು ಟವೆಲ್ಲು ಬಿಚ್ಚಿ ವೈರುಗಳನ್ನು ಮತ್ತೆ ಜೋಡಿಸಿದೆ. ಸ್ವಲ್ಪ ಹೊತ್ತಿಗೆ ಫ್ಯಾನು ಜೋರಾಯಿತು.

ಡಬ್ಬಿ ಬರದಿರುವುದಕ್ಕೆ ಕಾರಣ ಇದು. ನೀನು ಬೇಕೇಬೇಕು ಎಂದರೆ ಕಳಿಸುತ್ತೇನೆ, ನಿನ್ನ ಮಾತು ಮೀರುವುದಿಲ್ಲ. ಆದರೆ ನೀನೇ ಬಂದು ಒಯ್ಯುವುದಾದರೆ ಇನ್ನೂ ಚೆನ್ನ. ದೊಡ್ಡಪ್ಪ ಮಾತಾಡಿಸುತ್ತಾರೋ ಇಲ್ಲವೋ ನಾನು ಹೇಳಲಾರೆ. ಆ ಸೇತುವೆಯ ತಿರುವಿನ ಬಗ್ಗೆಯಂತೂ ಬೈಯುತ್ತಾರೆ.

ಬರೆಯುವುದನ್ನು ಅಜ್ಜಿ ನೋಡಿದಳು. ಯಾರಿಗೆಂದು ಕೇಳದೆ ‘ಆಕಿ ಹೊಟ್ಟಿ ತಣ್ಣಗಿರಲಿ ಅಂತ ಬರಿ, ನನ್ ಹೆಸರು ಹಾಕು’ ಎಂದಳು. ಹಾಕಿದ್ದೇನೆ, ಪಂಪ್‌ಸೆಟ್ಟಿನ ಮೇಲೆ ಹಾಕಿದ ಹಾಗೆ: ಗುರುಲಿಂಗಮ್ಮ.

ನಿನ್ನ ತಂಗಿ,
ಶಿವಕುಮಾರಿ

ಮರೆತಿದ್ದೆ: ಆ ಕೊನೆಯ ವಿಡಿಯೊದಲ್ಲಿ ನೀನು ಎದ್ದ ಮೇಲೂ ಒಂದಿಷ್ಟು ಹೊತ್ತು ರೆಕಾರ್ಡ್ ಆಗಿದೆ. ಮೂಲೆಯಲ್ಲಿ ಖಾಲಿ ಕುರ್ಚಿ. ಕೆಂಪು ಕಾರು ನಿಂತಿದೆ. ಅದರ ಪಕ್ಕ ನನ್ನ ಬಿಳಿ ಕಾರೂ ನಿಂತಿದೆ, ನೀನು ಬರಲಿ ಎಂದು. ನಿನ್ನನ್ನು ಮಸ್ಕಿಯ ತನಕ ಬೈಕಿನಲ್ಲಿ ಬಿಟ್ಟು ಬಂದವನು ಆಸೀಮ್ ಎಂದು ಮೊನ್ನೆ ತಿಳಿಯಿತು. ಅವನಿಗೆ ನೀನು ಮೊದಲೇ ಹೇಳಿದ್ದೆ. ಹೋದ ಮೇಲೆ ನೀನು ದೊಡ್ಡಮ್ಮನಿಗೆ ಫೋನು ಮಾಡಿದೆ. ನೀನು ನನಗೆ ಮಾತ್ರ ಚಹಾ ತರುತ್ತೇನೆ ಎಂದೆ. ಅಕ್ಕಾ, ಈ ಮನೆಯಲ್ಲಿ ಯಾರೊಂದಿಗೂ ಬಾಯಿ ಬಿಡದವಳು ನಾನೊಬ್ಬಳೇ. ನಾನು ಹೇಳಿಬಿಡುತ್ತೇನೆ ಎಂದು ನಿನಗೆ ಯಾಕೆ ಅನ್ನಿಸಿತು?